ಕಪ್ಪಿನ ಯಾವ ಬದಿಯಲ್ಲಿ ಬರೆಯುವುದು? ಪಿಂಗಾಣಿಯ ಮೇಲೆ ಗುರುತು ಮತ್ತು ಹಕ್ಕುಗಳನ್ನು ಬಿಡಿಸಿದ ನನ್ನ ಅನುಭವ

ಕಾಫಿ ಕಪ್ಪಿಗೆ ಒಂದೇ ಹೊರಮೈ ಇದೆ ಎಂದು ನೋಡುವವರಿಗೆ ತೋರುತ್ತದೆ. ಕುಂಚ ಹಿಡಿದು ಕೂತವರಿಗೆ ಅದರಲ್ಲಿ ಕನಿಷ್ಠ ನಾಲ್ಕು ಜಾಗಗಳು ಕಾಣುತ್ತವೆ. ಬಲಗೈಯಲ್ಲಿ ಹಿಡಿದು ಕುಡಿಯುವವರ ಕಡೆಗೆ ಒಂದು ಬದಿ ತಿರುಗಿರುತ್ತದೆ, ಎದುರಿಗೆ ಕುಳಿತವರ ಕಡೆಗೆ ಇನ್ನೊಂದು. ಎಡಗೈಯವರು ಹಿಡಿದರೆ ಇವೆರಡೂ ಅದಲುಬದಲಾಗುತ್ತವೆ. ತಳದ ಒಳಭಾಗ ಕಾಫಿ ಮುಗಿದ ಮೇಲೆ ಕುಡಿದವರಿಗೆ ಮಾತ್ರ ಸಿಗುತ್ತದೆ. ತಳದ ಹೊರಭಾಗ ಕಪ್ ಮೇಲಕ್ಕೆತ್ತಿದಾಗ ಎದುರಿನವರಿಗೆ ಕಾಣುತ್ತದೆಯೇ ಹೊರತು ಕುಡಿಯುತ್ತಿರುವವರಿಗೆ ಕಾಣುವುದೇ ಇಲ್ಲ. ನಾನು ಹಲವು ವರ್ಷಗಳಿಂದ ಪಿಂಗಾಣಿಯ ಮೇಲೆ ಚಿತ್ರ ಬಿಡಿಸುತ್ತ ಬಂದವಳು. ಬೇರೆ ಬೇರೆ ಹಿನ್ನೆಲೆಯ ಹೆಣ್ಣುಮಕ್ಕಳ ಒಂದು ಗುಂಪಿನೊಂದಿಗೆ ಕೂತು, ಅವರವರ ಗುರುತನ್ನೂ ಹಕ್ಕುಗಳನ್ನೂ ಕುರಿತು ಕಪ್ಪುಗಳನ್ನು ರೂಪಿಸಲು ಹೊರಟಾಗ, ಕೆಲಸ ಈ ನಾಲ್ಕು ಜಾಗಗಳಿಂದಲೇ ಶುರುವಾಗಬೇಕೆಂದು ನಿರ್ಧರಿಸಿದೆ. ಯಾವ ಚಿತ್ರ, ಯಾವ ಬಣ್ಣ ಎನ್ನುವುದಕ್ಕಿಂತ ಮೊದಲು, ಇದನ್ನು ಯಾರು ಯಾವಾಗ ನೋಡಬೇಕು ಎನ್ನುವುದನ್ನು ಪ್ರತಿಯೊಬ್ಬರೂ ತೀರ್ಮಾನಿಸಬೇಕಿತ್ತು.

ಹೀಗೆ ಮಾಡಲು ಕಾರಣವಿದೆ. ಗುರುತು, ಹಕ್ಕು ಎಂಬ ದೊಡ್ಡ ಮಾತುಗಳನ್ನು ಮುಂದಿಟ್ಟು ಚಿತ್ರ ಬಿಡಿಸಿ ಎಂದರೆ ಬರುವುದೇನೆಂದು ಈ ಬಗೆಯ ಕೆಲಸ ಮಾಡಿದವರಿಗೆಲ್ಲ ಗೊತ್ತು: ಮುಷ್ಟಿ ಬಿಗಿದ ಕೈ, ಹರಿದ ಸಂಕೋಲೆ, ಹಾರುವ ಪಾರಿವಾಳ, ಕಣ್ಣೀರು ಸುರಿಸುವ ಮುಖ. ಇವು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಗೋಡೆಯ ಪೋಸ್ಟರ್ ಮೇಲೆ ಕೆಲಸ ಮಾಡುವ ಚಿತ್ರ ಅಂಗೈಯಗಲದ ಕಪ್ಪಿನ ಮೇಲೆ ಮಾಡುವುದಿಲ್ಲ. ಪೋಸ್ಟರನ್ನು ದೂರದಿಂದ ಒಮ್ಮೆ ನೋಡಿ ಮುಂದಕ್ಕೆ ಹೋಗುತ್ತೇವೆ. ಕಪ್ಪನ್ನು ತುಟಿಗೆ ಹಚ್ಚುತ್ತೇವೆ, ತಿರುಗಿಸುತ್ತೇವೆ, ತೊಳೆದು ಮಗುಚಿ ಇಡುತ್ತೇವೆ, ಮರುದಿನ ಮತ್ತೆ ಕೈಗೆತ್ತಿಕೊಳ್ಳುತ್ತೇವೆ. ಬಳಕೆಯ ಈ ಕ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚಿತ್ರಕ್ಕೆ ಕಪ್ಪಿನ ಅಗತ್ಯವೇ ಇಲ್ಲ, ಅದು ಕಾಗದದ ಮೇಲಿದ್ದರೂ ನಡೆಯುತ್ತದೆ.

ಇದನ್ನು ನನಗಿಂತ ಬಹಳ ಹಿಂದೆಯೇ ಅರಿತವರಿದ್ದರು. ಬ್ರಿಟನ್ನಿನಲ್ಲಿ 1820ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಹೆಂಗಸರು ಸಕ್ಕರೆ ಬಟ್ಟಲುಗಳ ಮೇಲೆ, ಇದು ಗುಲಾಮರು ತಯಾರಿಸದ ಈಸ್ಟ್ ಇಂಡಿಯಾ ಸಕ್ಕರೆ ಎಂಬ ಅರ್ಥದ ಬರಹವಿರುವಂತೆ ನೋಡಿಕೊಂಡರು. ಆ ಬರಹ ಗೋಡೆಯ ಮೇಲೆ ಇರಲಿಲ್ಲ, ಚಮಚ ಚಾಚುವ ಕಡೆಯಲ್ಲಿತ್ತು. ಅತಿಥಿ ಸಕ್ಕರೆ ಹಾಕಿಕೊಳ್ಳುವ ಕ್ಷಣದಲ್ಲಿಯೇ ಆ ಸಕ್ಕರೆಯ ಹಿಂದಿನ ದುಡಿಮೆಯ ಪ್ರಶ್ನೆ ಎದುರಾಗುತ್ತಿತ್ತು. ಮುಂದೆ ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳಾ ಸಾಮಾಜಿಕ ಮತ್ತು ರಾಜಕೀಯ ಒಕ್ಕೂಟವು 1910ರಲ್ಲಿ ಗ್ಲಾಸ್ಗೋದಲ್ಲಿ ನಡೆಸಿದ ಪ್ರದರ್ಶನದ ಚಹಾ ಕೋಣೆಗೆ ಕಪ್ಪು, ಸಾಸರುಗಳನ್ನು ಮಾಡಿಸಿತು. ಅವುಗಳ ಮೇಲೆ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ರಚಿಸಿದ, ಕಹಳೆ ಊದುವ ದೇವತೆಯ ಚಿತ್ರವಿತ್ತು. ಅಮೆರಿಕದಲ್ಲಿ ಆಲ್ವಾ ಬೆಲ್ಮಾಂಟ್ 1914ರಲ್ಲಿ ನ್ಯೂಪೋರ್ಟಿನ ತಮ್ಮ ಮಹಲಿನಲ್ಲಿ ಸಮಾವೇಶ ನಡೆಸಿದಾಗ, ಹೆಣ್ಣುಮಕ್ಕಳಿಗೆ ಮತ ಎಂದು ಬರೆದ ಪಿಂಗಾಣಿಯಲ್ಲಿಯೇ ಉಪಚಾರ ನಡೆಯಿತು. ಬ್ರಿಟನ್ನಿನಲ್ಲಿ ಮೂವತ್ತು ದಾಟಿದ, ಆಸ್ತಿಯ ಷರತ್ತು ಪೂರೈಸಿದ ಹೆಂಗಸರಿಗೆ 1918ರಲ್ಲಿ ಮತದ ಹಕ್ಕು ಸಿಕ್ಕಿತು. ಗಂಡಸರಿಗೆ ಸಮನಾಗಿ ಸಿಗಲು 1928ರವರೆಗೆ ಕಾಯಬೇಕಾಯಿತು. ಕಪ್ಪುಗಳಿಂದ ಮತ ಬಂತು ಎಂದು ಯಾರೂ ಹೇಳಲಾರರು. ಆದರೆ ಹೆಣ್ಣಿನ ಜಾಗವೆಂದು ಬಿಟ್ಟುಕೊಟ್ಟಿದ್ದ ಉಪಚಾರದ ಮೇಜನ್ನೇ ಅವರು ಸಭೆಯ ವೇದಿಕೆಯಾಗಿಸಿಕೊಂಡದ್ದು ನನಗೆ ಈ ಕೆಲಸದ ಮೊದಲ ಪಾಠವಾಗಿತ್ತು.

ಗುಂಪಿನಲ್ಲಿದ್ದವರೆಲ್ಲ ಕಲಾವಿದೆಯರೇನಲ್ಲ. ಕೆಲವರು ಚಿತ್ರಕಲೆ ಕಲಿತವರು, ಒಬ್ಬರು ದಾದಿ, ಒಬ್ಬರು ನಿವೃತ್ತ ಶಿಕ್ಷಕಿ, ಮನೆಗೆಲಸಕ್ಕೆ ಹೋಗುವವರು, ತಾವು ಹುಟ್ಟಿದ ದೇಶ ಬಿಟ್ಟು ಬಂದವರು. ನೀವು ಯಾರು ಎಂದು ನಾನು ಯಾರನ್ನೂ ಕೇಳಲಿಲ್ಲ. ಆ ಪ್ರಶ್ನೆಗೆ ಜನ ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಭಾಷಣ ಮಾಡುತ್ತಾರೆ. ಬದಲಿಗೆ, ನಿಮ್ಮ ಹೆಸರು ಎಲ್ಲೆಲ್ಲಿ ಬರೆದಿದೆ, ಅಲ್ಲಿ ಅದನ್ನು ಬರೆದವರು ಯಾರು, ನಿಮ್ಮನ್ನು ಕೇಳಿ ಬರೆದರೇ ಎಂದು ಕೇಳಿದೆ. ಶಾಲೆಯ ದಾಖಲೆ, ಮದುವೆಯ ಪತ್ರ, ಆಸ್ಪತ್ರೆಯ ಚೀಟಿ, ವಲಸೆಯ ಕಾಗದ, ಸಂಬಳದ ಪುಸ್ತಕ ಹೀಗೆ ಪಟ್ಟಿ ಬೆಳೆಯುತ್ತ ಹೋಯಿತು. ಒಬ್ಬರಿಗೆ ತಮ್ಮ ಹೆಸರಿನ ಮೂರು ಬೇರೆ ರೂಪಗಳು ಮೂರು ಕಾಗದಗಳಲ್ಲಿದ್ದವು, ಮತ್ತು ಆ ಮೂರರಲ್ಲಿ ಯಾವುದೂ ಅವರ ತಾಯಿ ಕರೆಯುತ್ತಿದ್ದ ಹೆಸರಾಗಿರಲಿಲ್ಲ.

ಇದಾದ ಮೇಲೆ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳನ್ನು ಗಟ್ಟಿಯಾಗಿ ಓದಿದೆವು. ಕಾನೂನಿನ ಪಾಠ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ. ಯಾವ ವಿಧಿಯನ್ನು ಕೇಳಿದಾಗ ನಿಮಗೆ ನಗು ಬಂತು, ಯಾವುದಕ್ಕೆ ಸಿಟ್ಟು ಬಂತು ಎಂದಷ್ಟೇ ಗುರುತು ಹಾಕಿಕೊಳ್ಳಲು ಹೇಳಿದ್ದೆ. ಹೆಚ್ಚು ನಗು ತರಿಸಿದ್ದು 24ನೆಯ ವಿಧಿ. ವಿಶ್ರಾಂತಿಗೂ ಬಿಡುವಿಗೂ ಎಲ್ಲರಿಗೆ ಹಕ್ಕುಂಟು, ದುಡಿಮೆಯ ಹೊತ್ತಿಗೆ ಮಿತಿಯಿರಬೇಕು, ಸಂಬಳಸಹಿತ ರಜೆ ಇರಬೇಕು ಎನ್ನುವ ವಿಧಿ ಅದು. ಚಿತ್ರಹಿಂಸೆ, ಗುಲಾಮಗಿರಿಗಳ ಬಗ್ಗೆ ಹೇಳುವ ವಿಧಿಗಳ ಪಕ್ಕದಲ್ಲಿ ಇದು ಸಣ್ಣದೆಂದು ಮೊದಲು ಎಲ್ಲರಿಗೂ ಅನ್ನಿಸಿತು. ಆದರೆ ಕೈಯಲ್ಲಿದ್ದದ್ದು ಕಾಫಿ ಕಪ್, ಅಂದರೆ ಬಿಡುವಿನ ಅಳತೆಯ ಪಾತ್ರೆ.

ನಾನು ಈಗಲೂ ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುವ ಕಪ್ ಈ ವಿಧಿಯಿಂದಲೇ ಹುಟ್ಟಿತು. ಮಾಡಿದಾಕೆ ಮೂರು ಮಕ್ಕಳ ತಾಯಿ, ಮನೆಯಿಂದಲೇ ಹೊಲಿಗೆ ಕೆಲಸ ಮಾಡುವವರು. ಕಪ್ಪಿನ ಹೊರಮೈಯನ್ನು ಅವರು ಮುಟ್ಟಲೇ ಇಲ್ಲ, ಅದು ಬರೀ ಬಿಳಿ. ಒಳಗೋಡೆಯ ಮೇಲೆ, ಪ್ರಯೋಗಶಾಲೆಯ ಅಳತೆಯ ಜಾಡಿಯಲ್ಲಿರುವಂತೆ, ತೆಳುವಾದ ನೀಲಿ ಗೆರೆಗಳನ್ನು ಒಂದರ ಕೆಳಗೊಂದು ಎಳೆದರು. ಪ್ರತಿ ಗೆರೆಯ ಪಕ್ಕದಲ್ಲಿ ಪುಟ್ಟ ಅಕ್ಷರಗಳಲ್ಲಿ ಒಂದೊಂದು ಮಾತು: ಮೇಲಿನ ಗೆರೆಗೆ ‘ಬಾಗಿಲು ಬಡಿದರು’, ಅದರ ಕೆಳಗೆ ‘ಮಗು ಎದ್ದಿತು’, ಮತ್ತೆ ‘ಫೋನು’, ‘ಗುಂಡಿ ಎಲ್ಲಿ ಅಂದರು’. ತಳಕ್ಕೆ ಹತ್ತಿರದ ಗೆರೆಯ ಬಳಿ ‘ಆರಿತು’ ಎಂದಿತ್ತು. ಕಪ್ ತುಂಬಿರುವಾಗ ಇದ್ಯಾವುದೂ ಕಾಣುವುದಿಲ್ಲ. ಕುಡಿಯುತ್ತ ಹೋದಂತೆ ಒಂದೊಂದೇ ಗೆರೆ ಹೊರಬೀಳುತ್ತದೆ. ಕುಡಿಯುವವರು ಯಾರೇ ಆಗಿರಲಿ, ಆಕೆ ತನ್ನ ಕಾಫಿಯನ್ನು ಎಲ್ಲೆಲ್ಲಿ ಕೆಳಗಿಟ್ಟು ಎದ್ದಳೋ ಆ ಎಲ್ಲ ಹಂತಗಳನ್ನು ತಾವೂ ದಾಟಬೇಕು. ವಿಧಿಯ ಸಂಖ್ಯೆಯನ್ನು ತಳದ ಹೊರಭಾಗದಲ್ಲಿ, ಕಾರ್ಖಾನೆಯ ಮುದ್ರೆ ಇರುವ ಕಡೆ ಬರೆದರು.

ಒಳಗೆ ಬರೆಯುವುದಕ್ಕೂ ಹೊರಗೆ ಬರೆಯುವುದಕ್ಕೂ ತಂತ್ರದಲ್ಲಿ ದೊಡ್ಡ ಅಂತರವಿದೆ. ಇದನ್ನು ಬಲ್ಲವರು ಕಡಿಮೆಯಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಗ್ಲೇಜ್ ಎಂಬ ಗಾಜಿನಂಥ ಲೇಪದಿಂದ ಹೊಳೆಯುತ್ತಿರುವ ಸಿದ್ಧ ಕಪ್ಪಿನ ಮೇಲೆ ಬಳಿಯುವುದು ಮೇಲ್ಬಣ್ಣ. ಲೋಹದ ಆಕ್ಸೈಡುಗಳ ನುಣ್ಣನೆಯ ಪುಡಿಯನ್ನು ಲವಂಗದ ಎಣ್ಣೆ ಅಥವಾ ಲ್ಯಾವೆಂಡರ್ ಎಣ್ಣೆಯಲ್ಲಿ ಕಲಸಿ, ಗಾಜಿನ ತಟ್ಟೆಯ ಮೇಲೆ ಅರೆದು, ಕುಂಚದಿಂದ ಬಳಿದು, ಸುಮಾರು 750ರಿಂದ 820 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಿಲ್ನ್ ಎಂಬ ಕುಲುಮೆಯಲ್ಲಿ ಸುಟ್ಟರೆ, ಗ್ಲೇಜಿನ ಮೇಲ್ಪದರ ಮೆದುವಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಸುಡುವವರೆಗೂ ಇದನ್ನು ಬಟ್ಟೆಯಿಂದ ಒರೆಸಿ ತೆಗೆಯಬಹುದು. ಇನ್ನೊಂದು ಬಗೆ, ಒಮ್ಮೆ ಸುಟ್ಟು ಗ್ಲೇಜ್ ಹಚ್ಚದೆ ಬಿಟ್ಟ ಒರಟು ಕಪ್ಪಿನ ಮೇಲೆ ಬಳಿಯುವ ಒಳಬಣ್ಣ. ಆ ಮೈ ನೀರನ್ನು ಥಟ್ಟನೆ ಹೀರಿಕೊಳ್ಳುತ್ತದೆ, ಎಳೆದ ಗೆರೆಯನ್ನು ಒರೆಸಿ ಹಾಕುವುದು ಕಷ್ಟ. ಅದರ ಮೇಲೆ ಪಾರದರ್ಶಕ ಗ್ಲೇಜ್ ಹಚ್ಚಿ ಇನ್ನೂ ಹೆಚ್ಚಿನ ಉಷ್ಣತೆಯಲ್ಲಿ ಸುಟ್ಟ ಮೇಲೆ ಚಿತ್ರ ಗಾಜಿನಂಥ ಪದರದ ಅಡಿಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಕಾಫಿ ಬಿಸಿಯಾದದ್ದು, ಸ್ವಲ್ಪ ಆಮ್ಲೀಯವೂ ಹೌದು. ಮೇಲ್ಬಣ್ಣಗಳ ಕೆಲವು ಕೆಂಪು, ಹಳದಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಹಳೆಯ ಬಗೆಯ ಬಣ್ಣಗಳಲ್ಲಿ ಸೀಸವೂ ಇರಬಹುದು. ಆದ್ದರಿಂದ ಕಪ್ಪಿನ ಒಳಗೆ ಮೇಲ್ಬಣ್ಣ ಕೂಡದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಒಳಗೆ ಬರೆಯಬೇಕೆನ್ನುವವರು ಒಳಬಣ್ಣವನ್ನೇ ಬಳಸಬೇಕು, ಒಂದೇ ಸಲಕ್ಕೆ ಬರೆಯಬೇಕು, ಅದರ ಮೇಲೆ ಆಹಾರಕ್ಕೆ ಸುರಕ್ಷಿತವಾದ ಗ್ಲೇಜ್ ಇರಬೇಕು.

ಹೊರಗೂ ಒಂದು ಗಡಿಯಿದೆ. ತುಟಿ ತಾಗುವ ಮೇಲಂಚಿನಿಂದ ಕೆಳಕ್ಕೆ 20 ಮಿಲಿಮೀಟರ್‌ವರೆಗೆ ಯಾವ ಮೇಲ್ಬಣ್ಣವನ್ನೂ ಹಚ್ಚುವುದಿಲ್ಲ. ಪೆನ್ಸಿಲ್ಲಿನಿಂದ ಈ ಗೆರೆಯನ್ನು ಎಳೆದುಕೊಟ್ಟಾಗ ದಾದಿಯಾಗಿದ್ದವರು, ‘ಹಾಗಾದರೆ ಬಾಯಿಯ ಹತ್ತಿರ ಮಾತಿಗೆ ಜಾಗವಿಲ್ಲ ಅನ್ನಿ’ ಎಂದು ನಕ್ಕರು. ಮುಂದೆ ತಮ್ಮ ಕಪ್ಪಿನಲ್ಲಿ ಆ ಖಾಲಿ ಪಟ್ಟಿಯ ಕೆಳಗಂಚಿಗೆ ಸರಿಯಾಗಿ ತಾಗಿಸಿ, ರಾತ್ರಿ ಪಾಳಿಯಲ್ಲಿ ತಾವು ಹೇಳಬೇಕೆಂದು ಹೊರಟು ನುಂಗಿಕೊಂಡ ವಾಕ್ಯಗಳ ಮೊದಲ ಪದಗಳನ್ನು ಮಾತ್ರ ಸಾಲಾಗಿ ಬರೆದರು: ‘ಡಾಕ್ಟರೇ, ನನಗನ್ನಿಸುತ್ತೆ…’, ‘ಈ ಪಾಳಿ ನನ್ನದಲ್ಲ…’, ‘ಕೈ ತೆಗೀರಿ…’. ಸುರಕ್ಷತೆಯ ನಿಯಮವನ್ನೇ ರಚನೆಯ ಭಾಗವಾಗಿಸಿಕೊಂಡ ಈ ಬಗೆ ನನಗೆ ಹೊಳೆದದ್ದಲ್ಲ, ಅವರದು.

ಒರೆಸಲು ಬರುವ ಬಣ್ಣ, ಒರೆಸಲು ಬಾರದ ಬಣ್ಣ ಇವುಗಳ ನಡುವಿನ ಆಯ್ಕೆಯನ್ನು ನಾನು ತಾಂತ್ರಿಕ ವಿಷಯವೆಂದು ಮುಂದಿಟ್ಟಿದ್ದೆ. ಅವರು ಅದನ್ನು ಬೇರೆ ರೀತಿಯಲ್ಲಿ ತೆಗೆದುಕೊಂಡರು. ದೇಶ ಬಿಟ್ಟು ಬಂದಿದ್ದ ಯುವತಿಯೊಬ್ಬರು ಇಡೀ ಕಪ್ಪಿಗೆ ಕಪ್ಪು ಮೇಲ್ಬಣ್ಣವನ್ನು ದಟ್ಟವಾಗಿ ಬಳಿದು, ಅದು ಅರ್ಧ ಒಣಗಿದಾಗ ಮೊನಚಾದ ಬಿದಿರ ಕಡ್ಡಿಯಿಂದ ಗೀಚಿ ಬಣ್ಣ ತೆಗೆಯುತ್ತ, ಬಿಳಿ ಗೆರೆಗಳಲ್ಲಿ ಮನೆಯೊಂದರ ನಕ್ಷೆಯನ್ನು ಮೂಡಿಸಿದರು. ಇದರಲ್ಲಿ ಚಿತ್ರ ಬಿಡಿಸುವುದೆಂದರೆ ಇರುವುದನ್ನು ತೆಗೆಯುವುದು. ಗೆರೆ ತಪ್ಪಿದರೆ ಮತ್ತೆ ಬಣ್ಣ ತುಂಬಬಹುದು, ಆದರೆ ತುಂಬಿದ ಜಾಗ ಸುಟ್ಟ ಮೇಲೆ ಸುತ್ತಲಿನದಕ್ಕಿಂತ ತುಸು ಬೇರೆಯಾಗಿಯೇ ಕಾಣುತ್ತದೆ. ಆಕೆ ಹಲವು ಕಡೆ ಬೇಕೆಂದೇ ಹಾಗೆ ತುಂಬಿದರು. ನಕ್ಷೆಯಲ್ಲಿ ಎರಡು ಕೋಣೆಗಳ ಗೆರೆಗಳು ಮುಚ್ಚಿದ ಬಣ್ಣದಡಿಯಲ್ಲಿ ಮಸುಕಾಗಿ ಉಳಿದಿವೆ. ಅವು ಯಾವ ಕೋಣೆಗಳೆಂದು ಆಕೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಾಸರನ್ನು ಮರೆಯುವವರೇ ಹೆಚ್ಚು. ಸಾಸರಿನ ನಡುವಿನ ತಗ್ಗು ಕಪ್ ಕೂತಿರುವಾಗ ಕಾಣುವುದಿಲ್ಲ, ಎತ್ತಿದಾಗ ಮಾತ್ರ ಕಾಣುತ್ತದೆ. ರಾಷ್ಟ್ರೀಯತೆಯ ಹಕ್ಕನ್ನು ಹೇಳುವ 15ನೆಯ ವಿಧಿಯನ್ನು ಆರಿಸಿಕೊಂಡ ತಾಯಿಯೊಬ್ಬರು ಈ ತಗ್ಗನ್ನು ಬಳಸಿದರು. ಮಕ್ಕಳ ರಾಷ್ಟ್ರೀಯತೆಯ ವಿಷಯದಲ್ಲಿ ತಾಯಿಗೆ ತಂದೆಗೆ ಸಮಾನವಾದ ಹಕ್ಕು ಇರಬೇಕೆಂದು 1979ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ಹೋಗಲಾಡಿಸುವ ಒಡಂಬಡಿಕೆಯ 9ನೆಯ ವಿಧಿ ಹೇಳುತ್ತದೆ. ಆದರೂ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಕಾನೂನು ಇಂದಿಗೂ ತಾಯಿಗೆ ಆ ಸಮಾನತೆಯನ್ನು ಕೊಟ್ಟಿಲ್ಲ. ಆಕೆ ಒಂದು ದೊಡ್ಡ ಕಪ್ಪನ್ನೂ ಒಂದು ಪುಟ್ಟ ಎಸ್ಪ್ರೆಸೊ ಕಪ್ಪನ್ನೂ ಒಂದೇ ಸಾಸರಿನೊಂದಿಗೆ ಮಾಡಿದರು. ದೊಡ್ಡ ಕಪ್ಪಿನ ಮೇಲೆ ಬಿಡಿಸಿದ ಬಳ್ಳಿ ಸಾಸರಿನ ಮೇಲೆ ಇಳಿದು ಹಬ್ಬುತ್ತದೆ. ಕಪ್ಪನ್ನು ಸರಿಯಾದ ಕೋನಕ್ಕೆ ತಿರುಗಿಸಿ ಇಟ್ಟರೆ ಮಾತ್ರ ಎರಡೂ ಕೂಡುತ್ತವೆ. ಪುಟ್ಟ ಕಪ್ಪಿನ ಮೇಲೂ ಅದೇ ಬಳ್ಳಿಯಿದೆ, ಆದರೆ ಅದನ್ನು ಹೇಗೆ ತಿರುಗಿಸಿ ಇಟ್ಟರೂ ಸಾಸರಿನ ಬಳ್ಳಿಗೆ ಸೇರುವುದಿಲ್ಲ. ಎತ್ತಿ ನೋಡಿದರೆ ತಗ್ಗಿನಲ್ಲಿ ಕಚೇರಿಯ ದುಂಡು ಮುದ್ರೆಯೊಂದು ಸಿಗುತ್ತದೆ, ಅದರ ನಡುವಿನ ಜಾಗ ಖಾಲಿ. ಮುದ್ರೆಯನ್ನು ನಾವು ಕುಂಚದಿಂದ ಬರೆಯಲಿಲ್ಲ. ಕೆಲವು ಲೇಸರ್ ಪ್ರಿಂಟರುಗಳ ಕಪ್ಪು ಟೋನರಿನಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ; ಅದರಿಂದ ಡೆಕಾಲ್ ಕಾಗದದ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ, ಜಾರಿಸಿ ಅಂಟಿಸಿ, ಗ್ಲೇಜ್ ಮೆದುವಾಗುವಷ್ಟು ಬಿಸಿಯಲ್ಲಿ ಸುಟ್ಟರೆ ಹಳೆಯ ದಾಖಲೆಯ ಶಾಯಿಯಂಥ ಕಂದು ಬಣ್ಣ ಉಳಿಯುತ್ತದೆ. ಕಚೇರಿಯ ಕಾಗದವನ್ನು ಕಚೇರಿಯ ಯಂತ್ರದಿಂದಲೇ ಪಿಂಗಾಣಿಗೆ ಇಳಿಸುವುದು ಆಕೆಗೆ ಬಹಳ ಹಿಡಿಸಿತು.

ಕಪ್ಪಿನ ಮೈ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ, ನೇರವಾದ ಕಾಗದದ ಪಟ್ಟಿಯನ್ನು ಸುತ್ತಿದರೆ ಅದು ಕೂರುವುದಿಲ್ಲ. ಕಮಾನಿನಾಕಾರದಲ್ಲಿ ಕತ್ತರಿಸಿಕೊಂಡು ಅದರ ಮೇಲೆ ಮೊದಲು ಬಿಡಿಸಿ, ಹಿಡಿ ಬರುವ ಕಡೆಯನ್ನು ಗುರುತಿಸಿಕೊಳ್ಳಬೇಕು. ಬಳಿಯುವ ಮುನ್ನ ಸ್ಪಿರಿಟ್ಟಿನಲ್ಲಿ ಒರೆಸಬೇಕು, ಬೆರಳಿನ ಜಿಡ್ಡು ಉಳಿದರೆ ಬಣ್ಣ ಅಲ್ಲಿ ಹಿಡಿಯುವುದಿಲ್ಲ. ಎಣ್ಣೆ ಸುಟ್ಟುಹೋಗುವ ಮೊದಲ ಹಂತದಲ್ಲಿ ಕಿಲ್ನ್‌ನ ಮುಚ್ಚಳ ತುಸು ತೆರೆದಿರಬೇಕು, ಕೋಣೆಯಲ್ಲಿ ಗಾಳಿಯಾಡಬೇಕು. ಕಿಲ್ನ್ ಇಲ್ಲದವರು ಓವನ್ನಿನಲ್ಲಿ 150 ಡಿಗ್ರಿಯಲ್ಲಿ ಗಟ್ಟಿಯಾಗುವ ಪಿಂಗಾಣಿ ಬಣ್ಣ, ಪೆನ್ನುಗಳಿಂದಲೂ ಈ ಕೆಲಸವನ್ನು ಮಾಡಬಹುದು. ಕಪ್ಪನ್ನು ತಣ್ಣಗಿರುವ ಓವನ್ನಿನಲ್ಲಿಟ್ಟು ಬಿಸಿಯೇರಿಸಿ, ಒಳಗೇ ತಣಿಯಲು ಬಿಟ್ಟರೆ ಬಿರುಕು ಬಿಡುವುದಿಲ್ಲ. ಅದರ ಬಾಳಿಕೆ ಕಿಲ್ನ್‌ನ ಬಣ್ಣದಷ್ಟಿರುವುದಿಲ್ಲ, ಅದನ್ನು ಹೊರಮೈಗೆ ಮಾತ್ರ ಬಳಸಬೇಕು.

ಪಿಂಗಾಣಿಯ ಮೇಲಿನ ಚಿತ್ರವನ್ನು ಬಿಡುವಿರುವ ಹೆಂಗಸರ ಹವ್ಯಾಸವೆಂದು ಕಲಾಲೋಕ ಬಹುಕಾಲ ಪಕ್ಕಕ್ಕಿಟ್ಟಿತ್ತು. ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ ಆ ಹವ್ಯಾಸದವರ ಬಳಿಯೇ ಹೋಗಿ ಕಲಿತು, 1974ರಿಂದ 1979ರವರೆಗೆ ಅನೇಕರ ನೆರವಿನಿಂದ ‘ದಿ ಡಿನ್ನರ್ ಪಾರ್ಟಿ’ಯನ್ನು ರೂಪಿಸಿದರು, ತ್ರಿಕೋನದ ಮೇಜಿನ ಸುತ್ತ 39 ಮಹಿಳೆಯರಿಗೆ ತಟ್ಟೆಗಳಿರುವ, ನೆಲದ ಬಿಲ್ಲೆಗಳ ಮೇಲೆ ಇನ್ನೂ 999 ಹೆಸರುಗಳಿರುವ ಆ ಕೃತಿ 2007ರಿಂದ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಕಾಯಂ ಆಗಿದೆ. ಅದರ ದೊಡ್ಡತನವನ್ನು ಒಪ್ಪುತ್ತಲೇ ಹೇಳುತ್ತೇನೆ, ಆ ಮೇಜಿಗೆ ಕೂತ ಏಕೈಕ ಕಪ್ಪು ವರ್ಣೀಯ ಮಹಿಳೆ, ಗುಲಾಮಗಿರಿಯ ವಿರುದ್ಧ ಹೋರಾಡಿದ ಸೋಜರ್ನರ್ ಟ್ರೂತ್. ಯಾರ ತಟ್ಟೆ ಎಂಬುದನ್ನು ಒಬ್ಬ ಕಲಾವಿದೆ ತೀರ್ಮಾನಿಸಿದಾಗ ಹೀಗಾಗುವುದು ಸಹಜ. ಬೇರೆಯವರನ್ನು ಪ್ರತಿನಿಧಿಸುವ ಕೆಲಸಕ್ಕೆ ನಾನು ಕೈಹಾಕದಿರಲು ಇದೂ ಒಂದು ಕಾರಣ: ನಮ್ಮಲ್ಲಿ ಯಾರೂ ಬೇರೊಬ್ಬರ ಕಥೆಯ ಕಪ್ಪನ್ನು ಮಾಡಲಿಲ್ಲ. ಬರೆಯಲು ಬಾರದ ಒಬ್ಬರು ಹೇಳಿದ್ದನ್ನು ನಾನು ಬರೆದುಕೊಟ್ಟೆ, ಆದರೆ ಕಾಗದದ ಮೇಲೆ. ಪಿಂಗಾಣಿಗೆ ಆ ಅಕ್ಷರಗಳನ್ನು ಇಳಿಸಿದವರು ಅವರೇ, ಚಿತ್ರದಂತೆ ನೋಡಿ ನೋಡಿ. ಒಂದೊಂದು ಅಕ್ಷರದ ತೂಕ ಒಂದೊಂದು ಬಗೆಯಾಗಿರುವ ಆ ಸಾಲನ್ನು ತಿದ್ದಿಕೊಡಿ ಎಂದು ಕೇಳಿದ ಸಂಘಟಕರಿಗೆ ಆಗುವುದಿಲ್ಲ ಎಂದೆ.

ಕಲಾವಿದೆ ಮೆರೆಟ್ ಓಪನ್‌ಹೈಮ್ 1936ರಲ್ಲಿ ಕಪ್, ಸಾಸರ್, ಚಮಚಗಳಿಗೆ ತುಪ್ಪಳ ಹೊದಿಸಿದ್ದನ್ನು ಕಲೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದರಿಂದ ಕುಡಿಯಲಾಗದು ಎನ್ನುವುದೇ ಅದರ ಬಲ. ನಮ್ಮದು ಅದಕ್ಕೆ ತಿರುಗುಮುರುಗಾದ ದಾರಿ, ಕುಡಿಯದೆ ಇದ್ದರೆ ಕಪ್ಪಿನ ಅರ್ಧ ಕೆಲಸ ಆಗುವುದೇ ಇಲ್ಲ. ಹಾಗಾಗಿ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆ ಬೇಡವೆಂದು ಹಟ ಹಿಡಿದೆ. ಮೇಜು, ಕುರ್ಚಿ ಹಾಕಿ, ಬಂದವರಿಗೆ ಈ ಕಪ್ಪುಗಳಲ್ಲಿಯೇ ಕಾಫಿ ಕೊಟ್ಟೆವು. ಒಡೆದರೆ ಏನು ಮಾಡುತ್ತೀರಿ ಎಂದು ಕೇಳದವರಿಲ್ಲ. ಒಡೆದರೆ ಒಡೆಯಿತು ಎನ್ನಲು ಒಪ್ಪಿಗೆಯೇ ಎಂದು ಮಾಡಿದವರೆಲ್ಲರನ್ನೂ ಮೊದಲೇ ಕೇಳಿದ್ದೆ. ಒಪ್ಪದ ಇಬ್ಬರ ಕಪ್ಪುಗಳನ್ನು ಮೇಜಿಗೆ ತರಲಿಲ್ಲ. ಬಿರುಕಿಗೆ ಚಿನ್ನ ತುಂಬುವ ಜಪಾನಿನ ಕಿಂತ್ಸುಗಿಯನ್ನು ಹಲವರು ಸೂಚಿಸಿದರು. ಸುಂದರವಾದ ವಿದ್ಯೆ, ಸಂಶಯವಿಲ್ಲ. ಆದರೆ ಹೆಣ್ಣಿನ ಗಾಯ ಎಂದೊಡನೆ ಅದಕ್ಕೆ ಚಿನ್ನದ ಗೆರೆ ಎಳೆದು ಸುಂದರವಾಗಿಸುವ ಅವಸರ ನನಗೆ ಹಿಡಿಸುವುದಿಲ್ಲ.

ಮೇಜಿನ ಬಳಿ ಕಂಡದ್ದರಲ್ಲಿ ಒಂದನ್ನು ಹೇಳಲೇಬೇಕು. ದಾದಿಯವರ ಕಪ್ಪನ್ನು ಹಿಡಿದ ಹಿರಿಯರೊಬ್ಬರು ‘ಕೈ ತೆಗೀರಿ…’ ಎಂಬ ಸಾಲು ತಮ್ಮೆದುರಿನ ಅಪರಿಚಿತರಿಗೆ ಕಾಣುತ್ತಿದೆ ಎಂದು ತಿಳಿದೊಡನೆ ಕಪ್ಪನ್ನು ಎಡಗೈಗೆ ಬದಲಾಯಿಸಿಕೊಂಡರು. ಆಗ ಬರಹ ಅವರ ಕಡೆಗೇ ತಿರುಗಿತು. ಅದನ್ನು ಓದುತ್ತಲೇ ಅವರು ಕಾಫಿ ಮುಗಿಸಿದರು.

ಒಪ್ಪಿಗೆಯ ಮಾತು ಒಡೆಯುವುದಕ್ಕಷ್ಟೇ ಅಲ್ಲ. ಯಾವ ಕಪ್ಪಿನ ಫೋಟೊ ತೆಗೆಯಬಹುದು, ಯಾವುದರ ಜೊತೆ ಮಾಡಿದವರ ಹೆಸರು ಹಾಕಬಹುದು, ಯಾವ ಸಾಲು ಓದಿದರೆ ಊರೋ ಮನೆಯೋ ಗೊತ್ತಾಗಿ ಅವರಿಗೆ ತೊಂದರೆಯಾದೀತು ಎನ್ನುವುದನ್ನು ಸುಡುವ ಮೊದಲೇ ಕೂತು ಮಾತಾಡಬೇಕು. ಖಾಸಗಿ ಬದುಕಿನ ರಕ್ಷಣೆಯನ್ನು ಹೇಳುವ 12ನೆಯ ವಿಧಿಯನ್ನು ಕಪ್ಪಿನ ಮೇಲೆ ಬರೆದು, ಅದನ್ನು ಬರೆದವರ ಮುಖವನ್ನು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕುವುದು ವಿಚಿತ್ರವಾದೀತು. ಮೇಲ್ಬಣ್ಣದ ಕಪ್ಪುಗಳ ವಿಷಯದಲ್ಲಿ, ಸುಡುವ ದಿನದ ಬೆಳಿಗ್ಗೆ ಪ್ರತಿಯೊಬ್ಬರಿಗೂ ಬಟ್ಟೆಯ ತುಂಡೊಂದನ್ನು ಕೊಟ್ಟು, ಏನನ್ನಾದರೂ ಒರೆಸುವುದಿದ್ದರೆ ಈಗ ಒರೆಸಿ ಎಂದು ಹೇಳುವ ಪದ್ಧತಿ ಇಟ್ಟುಕೊಂಡಿದ್ದೇನೆ. ಒಳಬಣ್ಣದಲ್ಲಿ ಬರೆಯುವವರಿಗೆ ಆ ಅವಕಾಶ ಇಲ್ಲದ್ದರಿಂದ, ಅವರೊಡನೆ ಈ ಮಾತುಕತೆ ಕುಂಚ ಹಿಡಿಯುವ ಮುನ್ನವೇ ನಡೆಯಬೇಕು. ಕೆಲವರು ಹೆಸರು ಒರೆಸಿದ್ದಾರೆ, ಒಬ್ಬರು ಒರೆಸಿದ ಹೆಸರನ್ನು ಇನ್ನಷ್ಟು ದಪ್ಪ ಅಕ್ಷರಗಳಲ್ಲಿ ಮತ್ತೆ ಬರೆದಿದ್ದಾರೆ.

ಪ್ರದರ್ಶನ ಮುಗಿದ ಮೇಲೆ ಕಪ್ಪುಗಳು ಮಾಡಿದವರ ಮನೆಗಳಿಗೆ ಹೋದವು. ಚಿತ್ರಗಳನ್ನು ಮಗ್‌ಗಳ ಮೇಲೆ ಮುದ್ರಿಸಿ ಮಾರಬಹುದಲ್ಲ ಎಂಬ ಬೇಡಿಕೆ ಬಂದಾಗ, ಅದು ನನ್ನ ಸ್ವತ್ತಲ್ಲವೆಂದು ಹೇಳಿ ಒಬ್ಬೊಬ್ಬರನ್ನೇ ಕೇಳಿದೆ. ಕೆಲವರು ಒಪ್ಪಿದರು, ಹಣ ನೇರವಾಗಿ ತಮಗೇ ಬರಬೇಕೆಂಬ ಷರತ್ತಿನ ಮೇಲೆ. ಗೆರೆಗಳ ಕಪ್ ಮಾಡಿದ ಹೊಲಿಗೆಯವರು ಒಪ್ಪಲಿಲ್ಲ. ಮುದ್ರಣದ ಯಂತ್ರ ಹೊರಮೈಗಷ್ಟೇ ಚಿತ್ರ ಹಚ್ಚುತ್ತದೆ, ತನ್ನ ಚಿತ್ರವಿರುವುದು ಒಳಗೆ ಎಂದು ಕಾರಣ ಕೊಟ್ಟರು.